ಸ್ವರತಂತು ಆಪರೇಷನ್ ಆದ ಮೇಲೆ ಆ್ಯಂಟಿಆಕ್ಸಿಡೆಂಟ್: ಎಷ್ಟು, ಯಾವಾಗ, ಯಾರಿಗೆ ಬೇಡ?

ಹಿಮ್ಮೇಳ ಬಳಗ, ಉಡುಪಿ

ತಿರುಗಾಟ ಮುಗಿಯುವ ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಆರು ತಿಂಗಳು ಎಳೆದುಕೊಂಡು ಬಂದ ಗಂಟಲನ್ನು ಡಾಕ್ಟರಿಗೆ ತೋರಿಸುವ ಕಾಲ ಇದೇ. ಸ್ವರತಂತುವಿನಲ್ಲಿ ಪಾಲಿಪ್ (ಸಣ್ಣ ಗುಳ್ಳೆಯಂಥ ಬೆಳವಣಿಗೆ), ಸಿಸ್ಟ್ (ಚೀಲದಂಥ ಗಂಟು) ಇದ್ದವರಿಗೆ ಮೈಕ್ರೊಸರ್ಜರಿ ಅಂತ ಹೇಳುತ್ತಾರೆ. ಜೂನ್ ಮೊದಲ ವಾರದಲ್ಲಿ ಮಾಡಿಸಿಕೊಂಡರೆ ದೀಪಾವಳಿ ಹೊತ್ತಿಗೆ ಗಂಟಲು ಸಿದ್ಧ ಅಂತ ಲೆಕ್ಕ.

ಈಗ ವಾಟ್ಸಾಪಿನಲ್ಲಿ ಒಂದು ಪಟ್ಟಿ ಓಡಾಡುತ್ತಾ ಉಂಟು. ಆಪರೇಷನ್ನಿಗೆ 1 ತಿಂಗಳು ಮೊದಲೇ ವಿಟಮಿನ್ ಇ, ಅರಿಸಿನದ ಕ್ಯಾಪ್ಸೂಲ್, ಅಸ್ಟಾಕ್ಸಾಂಥಿನ್, ದಿನಕ್ಕೆ 2 ಗ್ರಾಂ ವಿಟಮಿನ್ ಸಿ ಶುರು ಮಾಡಬೇಕು, ಗಾಯ ಕಲೆ ಇಲ್ಲದೆ ಮಾಯುತ್ತದೆ ಅಂತ ಅದರಲ್ಲಿ ಬರೆದಿದ್ದಾರೆ. ಪದ ಹೇಳುವ ಭಾಗವತರು, ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಗಳು, ಶಾಲೆಯ ಮೇಷ್ಟ್ರುಗಳು ಎಲ್ಲ ಇದನ್ನೇ ಕೇಳುತ್ತಿದ್ದಾರೆ. ತಿಳಿದವರು ವಿವರವಾಗಿ ಬರೆಯಿರಿ. ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಯಾರು ಮುಟ್ಟಬಾರದು ಅಂತ ಸ್ಪಷ್ಟವಾಗಿ ಬೇಕು.

ಕಂಠದ ಡಾಕ್ಟರ್, ಮಂಗಳೂರು

ಆ ಪಟ್ಟಿಯಲ್ಲಿ ಮೊದಲು ಹೊಡೆದು ಹಾಕಬೇಕಾದ್ದು ವಿಟಮಿನ್ ಇ. ಕಾರಣ ಹೇಳುವ ಮೊದಲು ಗಾಯ ಎಲ್ಲಿ ಆಗುವುದು ಅಂತ ತಿಳಿಯಬೇಕು.

ಸ್ವರತಂತು ಅಂದರೆ ತಂತಿ ಅಲ್ಲ, ಪದರ ಪದರವಾಗಿ ಇರುವ ಮಡಿಕೆ. ಮೇಲೆ ತೆಳ್ಳಗಿನ ಹೊರಪೊರೆ. ಅದರ ಅಡಿಗೆ ಸುಮಾರು 0.3 ಮಿ.ಮೀ. ದಪ್ಪದ, ತಾಟಿನುಂಗಿನ ತಿರುಳಿನ ಹಾಗೆ ಮೆತ್ತಗೆ ಅಲುಗಾಡುವ ಪದರ. ಇದಕ್ಕೆ ರೈಂಕೆ ಪದರ ಅಂತ ಹೆಸರು. ಅದರಲ್ಲಿ ನೀರು ಹಿಡಿದಿಡುವ ಹಯಲೂರಾನಿಕ್ ಆಮ್ಲ ತುಂಬಿರುತ್ತದೆ, ಗಟ್ಟಿ ಕೊಲಾಜನ್ ನಾರು ಬಹಳ ಕಡಿಮೆ. ಇನ್ನೂ ಅಡಿಗೆ ಹೋದರೆ ಲಿಗಮೆಂಟು ಎಂಬ ಗಟ್ಟಿ ನಾರಿನ ಪಟ್ಟಿ, ಆಮೇಲೆ ಸ್ನಾಯು. ಜಪಾನಿನ ಕಂಠತಜ್ಞ ಮಿನೋರು ಹಿರಾನೊ 1974ರಲ್ಲಿ ವಿವರಿಸಿದ್ದು ಇದನ್ನೇ: ಒಳಗಿನ ಗಟ್ಟಿ ಮೈಯ ಮೇಲೆ ಸಡಿಲವಾದ ಹೊದಿಕೆ ಅಲೆ ಅಲೆಯಾಗಿ ಉರುಳಿದರೆ ಸ್ವರ.

ಕಪ್ಪು 1ರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಭಾಗವತರು ತಾರ ಷಡ್ಜದಲ್ಲಿ (ಮೇಲಿನ ಸ) ನಿಂತರೆ ಸೆಕೆಂಡಿಗೆ ಸುಮಾರು 277 ಸಲ ಎರಡು ಮಡಿಕೆಗಳು ತಾಗುತ್ತವೆ. ಆ ಸ್ಥಾಯಿಯಲ್ಲಿ ಒಟ್ಟು 1 ಗಂಟೆ ಹಾಡಿದರೆ ಹತ್ತು ಲಕ್ಷ ಸಲ. ಪಾಲಿಪ್ ಬರುವುದು ಈ ತಾಗುವ ಜಾಗದಲ್ಲೇ, ರೈಂಕೆ ಪದರದ ಒಳಗೆ ರಕ್ತನಾಳ ಒಡೆದು.

ಆಪರೇಷನ್ನಿನಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯಿಂದ ಲ್ಯಾರಿಂಗೊಸ್ಕೋಪ್ ಎಂಬ ಕೊಳವೆ ಇಳಿಸಿ, 400 ಮಿ.ಮೀ. ಲೆನ್ಸಿನ ಮೈಕ್ರೊಸ್ಕೋಪಿನಲ್ಲಿ ನೋಡಿಕೊಂಡು ಪಾಲಿಪನ್ನು ಮಾತ್ರ ತೆಗೆಯುತ್ತೇವೆ. ರೈಂಕೆ ಪದರದ ಮಟ್ಟದಲ್ಲೇ ಕೈ ನಿಂತರೆ ಗಾಯ ಚೆನ್ನಾಗಿ ಮಾಯುತ್ತದೆ. ಲಿಗಮೆಂಟಿಗೆ ಕತ್ತರಿ ತಾಗಿದರೆ ಅಲ್ಲಿ ಕೊಲಾಜನ್ ಒತ್ತೊತ್ತಾಗಿ ಬೆಳೆದು ಹೊದಿಕೆ ಅಂಟಿಕೊಳ್ಳುತ್ತದೆ, ಅಲೆ ನಿಲ್ಲುತ್ತದೆ. ಇದಕ್ಕೆ ಯಾವ ಕ್ಯಾಪ್ಸೂಲೂ ಮದ್ದಲ್ಲ. ಎರಡೂ ತಂತುಗಳು ಮುಂದೆ ಸೇರುವ ಮೂಲೆಯಲ್ಲಿ ಎರಡೂ ಕಡೆ ಗಾಯವಾದರೆ ಒಂದಕ್ಕೊಂದು ಅಂಟಿ ಬಲೆಯ ಹಾಗೆ ಆಗುತ್ತದೆ. ಅದಕ್ಕೇ ಆ ಮೂಲೆಯಲ್ಲಿ ಎರಡೂ ಬದಿಗೆ ರೋಗ ಇದ್ದರೆ ಒಮ್ಮೆಗೆ ಒಂದೇ ಬದಿ ಮಾಡುವುದು ವಾಡಿಕೆ.

ಈಗ ಆ್ಯಂಟಿಆಕ್ಸಿಡೆಂಟಿನ ವಿಷಯ. ಗಾಯ ಆದ ಕೂಡಲೇ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ, ಹಿಂದಿನಿಂದ ಮ್ಯಾಕ್ರೊಫೇಜ್‌ಗಳು. ಇವು ರೋಗಾಣು ಕೊಲ್ಲಲಿಕ್ಕೆ ಆಮ್ಲಜನಕದ ಚುರುಕು ಕಣಗಳನ್ನು ಚೆಲ್ಲುತ್ತವೆ. ಫ್ರೀ ರ‍್ಯಾಡಿಕಲ್ ಅಂತ ಎಲ್ಲರೂ ಹೇಳುವುದು ಇದರದ್ದೇ ಗುಂಪನ್ನು. ಸ್ವಲ್ಪ ಇದ್ದರೆ ಬೇಕಾದ್ದೇ, ಹೊಸ ರಕ್ತನಾಳ ಬೆಳೆಯಲಿಕ್ಕೆ, ಜೀವಕೋಶ ಗಾಯದ ಕಡೆ ಸರಿಯಲಿಕ್ಕೆ ಅದೇ ಸಂಕೇತ. ಮಿತಿಮೀರಿದರೆ ಜೀವಕೋಶದ ಪೊರೆಯ ಕೊಬ್ಬನ್ನು ಸುಡುತ್ತದೆ, ಹಯಲೂರಾನಿಕ್ ಆಮ್ಲದ ಉದ್ದ ಸರಪಣಿಯನ್ನು ತುಂಡು ಮಾಡುತ್ತದೆ, ನಾರು ನೇಯುವ ಫೈಬ್ರೊಬ್ಲಾಸ್ಟ್‌ಗಳನ್ನು ಕಲೆ ಕಟ್ಟುವ ದಾರಿಗೆ ತಿರುಗಿಸುತ್ತದೆ. ಈ ಕಣಗಳನ್ನು ತಣಿಸುವ ವಸ್ತುವೇ ಆ್ಯಂಟಿಆಕ್ಸಿಡೆಂಟ್. ಇಲಿಗಳ ಸ್ವರತಂತುವಿನಲ್ಲಿ ನೋಡಿದಾಗ ಈ ಉರಿ ಹೆಚ್ಚಿರುವುದು ಗಾಯದ ಮೊದಲ ಕೆಲವೇ ದಿನ. ಅಂದರೆ ಆ್ಯಂಟಿಆಕ್ಸಿಡೆಂಟಿಗೆ ಏನಾದರೂ ಕೆಲಸ ಇದ್ದರೆ ಆ ಕಿಟಕಿಯಲ್ಲಿ ಮಾತ್ರ. 3 ತಿಂಗಳು ಡಬ್ಬಿ ಖಾಲಿ ಮಾಡುವುದಕ್ಕೆ ಆಧಾರ ಇಲ್ಲ.

ವಿಟಮಿನ್ ಇ ಯಾಕೆ ಬೇಡ ಅಂದರೆ, 400 ಯೂನಿಟ್ ಮತ್ತು ಅದಕ್ಕೂ ಹೆಚ್ಚಿನ ಕ್ಯಾಪ್ಸೂಲ್‌ಗಳು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವುದನ್ನು ತಡೆಯುತ್ತವೆ. ಕಾಲಿನ ಗಾಯದಲ್ಲಿ ನಾಲ್ಕು ಹನಿ ರಕ್ತ ಹೆಚ್ಚಾದರೆ ಏನೂ ಆಗುವುದಿಲ್ಲ. 0.3 ಮಿ.ಮೀ. ಪದರದ ಒಳಗೆ ರಕ್ತ ನಿಂತರೆ ಅದೇ ಹೆಪ್ಪುಗಟ್ಟಿ ಕಲೆ ಆಗುತ್ತದೆ. ಯಾವುದನ್ನು ತಡೆಯಲಿಕ್ಕೆ ಕ್ಯಾಪ್ಸೂಲ್ ನುಂಗಿದರೋ ಅದನ್ನೇ ಕರೆದ ಹಾಗೆ.

ಚೆಂಡೆ ಪೆಟ್ಟು, ಕಾರ್ಕಳ

ಹಾಗಾದರೆ ಅಸ್ಟಾಕ್ಸಾಂಥಿನ್? ಜಪಾನಿನಲ್ಲಿ ಸ್ವರತಂತುವಿನ ಮೇಲೆಯೇ ಪರೀಕ್ಷೆ ಆಗಿದೆ ಅಂತಾರಲ್ಲ. ಅದು ಸುಳ್ಳಾ?

ಮದ್ದಿನಂಗಡಿ, ಬಂದರು

ಸುಳ್ಳಲ್ಲ ಮಾರಾಯ್ರೆ, ಆದರೆ ಪ್ರಮಾಣ ನೋಡದೆ ಓದಿದರೆ ದಾರಿ ತಪ್ಪುತ್ತದೆ.

ಅಸ್ಟಾಕ್ಸಾಂಥಿನ್ ಅಂದರೆ ಸಿಗಡಿ ಬೇಯಿಸಿದಾಗ ಕೆಂಪಾಗುತ್ತದಲ್ಲ, ಆ ಬಣ್ಣ. ಹಸಿ ಇರುವಾಗ ಪ್ರೊಟೀನಿಗೆ ಕಟ್ಟಿಕೊಂಡು ಬೂದಿ ಬಣ್ಣ ಕಾಣುತ್ತದೆ, ಬಿಸಿಗೆ ಬಿಟ್ಟುಕೊಂಡು ಕೆಂಪು. ಕ್ಯಾಪ್ಸೂಲಿಗೆ ಅದನ್ನು ಹೆಮಟೊಕೊಕಸ್ ಎಂಬ ಪಾಚಿಯಿಂದ ತೆಗೆಯುತ್ತಾರೆ.

ಇಲಿಗಳ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 100 ಮಿ.ಗ್ರಾಂ, ಗಾಯ ಮಾಡುವ ಹಿಂದಿನ ದಿನದಿಂದ ಗಾಯದ ನಂತರದ 4ನೇ ದಿನದವರೆಗೆ. ಗಾಯ ಕುಗ್ಗುವುದು ಕಡಿಮೆಯಾಯಿತು, ಹಯಲೂರಾನಿಕ್ ಆಮ್ಲ ಚೆನ್ನಾಗಿ ತುಂಬಿತು. ಫಲ ಒಳ್ಳೆಯದೇ. ಇದನ್ನು ಮನುಷ್ಯನಿಗೆ ಲೆಕ್ಕ ಹಾಕುವ ರೂಢಿಯ ಕ್ರಮದಲ್ಲಿ 37ರಿಂದ ಭಾಗಿಸಿ 6ರಿಂದ ಗುಣಿಸುತ್ತಾರೆ. ಕೆ.ಜಿ.ಗೆ 16 ಮಿ.ಗ್ರಾಂ ಬಂತು. 60 ಕೆ.ಜಿ. ಮನುಷ್ಯನಿಗೆ ಸುಮಾರು 970 ಮಿ.ಗ್ರಾಂ. ಅಂಗಡಿಯ ಕ್ಯಾಪ್ಸೂಲಿನಲ್ಲಿ ಇರುವುದು 4 ಅಥವಾ 12 ಮಿ.ಗ್ರಾಂ. 12ರದ್ದು ಅಂತ ಹಿಡಿದರೂ ದಿನಕ್ಕೆ 80 ಕ್ಯಾಪ್ಸೂಲ್! ಯಾರೂ ಕೊಡುವ ಪ್ರಮಾಣ ಅಲ್ಲ ಅದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸುರಕ್ಷಿತ ಅಂತ ಒಪ್ಪಿದ್ದು ದಿನಕ್ಕೆ 8 ಮಿ.ಗ್ರಾಂ ಪೂರಕವನ್ನು.

ಮನುಷ್ಯರ ಮೇಲಿನ ಪರೀಕ್ಷೆ ಬೇರೆಯದೇ. 10 ಗಂಡಸರು, 60 ನಿಮಿಷ ಗಂಟಲಿಗೆ ಶ್ರಮ ಕೊಟ್ಟು ಅಳೆದರು. ಮತ್ತೆ 28 ದಿನ ದಿನಕ್ಕೆ 24 ಮಿ.ಗ್ರಾಂ ಕೊಟ್ಟು ಅದೇ ಶ್ರಮ ಮಾಡಿಸಿದರು. ಎರಡನೇ ಸಲ ಸ್ವರ ಅಷ್ಟು ಹಾಳಾಗಲಿಲ್ಲ. ಆದರೆ ಅವರಿಗೆ ಆಪರೇಷನ್ ಆಗಿರಲಿಲ್ಲ, ಹೋಲಿಸಲಿಕ್ಕೆ ಖಾಲಿ ಗುಳಿಗೆ ತಿಂದ ಗುಂಪೂ ಇರಲಿಲ್ಲ. ಎರಡನೇ ಸಲಕ್ಕೆ ಮೈ ರೂಢಿಯಾಗಿಯೂ ಹಾಗೆ ಆಗಬಹುದು. ಆಪರೇಷನ್ ಗಾಯಕ್ಕೆ ಇದು ಮದ್ದು ಅಂತ ಅದರಿಂದ ಹೇಳಲಿಕ್ಕೆ ಬರುವುದಿಲ್ಲ.

ಡಾಕ್ಟರು ಬೇಡ ಅನ್ನದಿದ್ದರೆ 4ರಿಂದ 8 ಮಿ.ಗ್ರಾಂ, ಊಟದ ಜತೆ. ಕೊಬ್ಬಿನಲ್ಲಿ ಕರಗುವ ವಸ್ತು ಇದು, ಖಾಲಿ ಹೊಟ್ಟೆಗೆ ನೀರಿನ ಜತೆ ನುಂಗಿದರೆ ಹೆಚ್ಚಿನದ್ದು ಹಾಗೆಯೇ ಹೊರಗೆ ಹೋಗುತ್ತದೆ.

ಅಂಗಡಿಯಲ್ಲಿ ದಿನಾ ಕಾಣುವ ಇನ್ನೊಂದು ತಪ್ಪು: ಮೂರು ಬೇರೆ ಬೇರೆ ಡಬ್ಬಿ ತಗೊಳ್ಳುತ್ತಾರೆ, ಮೂರರಲ್ಲೂ ಸತು, ಮೂರರಲ್ಲೂ ಸೆಲೆನಿಯಂ. ಕೂಡಿಸಿ ನೋಡುವವರೇ ಇಲ್ಲ. ಸತು ವಯಸ್ಕರಿಗೆ ದಿನಕ್ಕೆ ಒಟ್ಟು 40 ಮಿ.ಗ್ರಾಂ ಮೇಲೆ ಹೋಗಬಾರದು. ತಿಂಗಳುಗಟ್ಟಲೆ ಹೆಚ್ಚಾದರೆ ತಾಮ್ರದ ಕೊರತೆ ಆಗಿ ರಕ್ತಹೀನತೆ ಬರುತ್ತದೆ. ರಕ್ತಹೀನತೆ ಇದ್ದರೆ ಯಾವ ಗಾಯ ಮಾಯುವುದು?

ಹಿಮ್ಮೇಳ ಬಳಗ, ಉಡುಪಿ

ಆಪರೇಷನ್ನಿಗೆ ಮೊದಲು ಯಾವುದೆಲ್ಲ ನಿಲ್ಲಿಸಬೇಕು ಅಂತ ಒಂದೇ ಕಡೆ ಹೇಳಿ ಸರ್.

ಮದ್ದಿನಂಗಡಿ, ಬಂದರು

ವಿಟಮಿನ್ ಇ 2 ವಾರ ಮೊದಲು. ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕ್ಗೊ, ಅರಿಸಿನದ ಸಾರದ ಕ್ಯಾಪ್ಸೂಲ್ ಇವೂ ಅಷ್ಟೇ. ಸಾರಿಗೆ ಹಾಕುವ ಅರಿಸಿನ, ಒಗ್ಗರಣೆಯ ಬೆಳ್ಳುಳ್ಳಿಗೆ ಏನೂ ಅಡ್ಡಿ ಇಲ್ಲ. ಮೀನೆಣ್ಣೆ ಕ್ಯಾಪ್ಸೂಲ್ ತಿನ್ನುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಿ, ಅವರು ತೀರ್ಮಾನ ಮಾಡುತ್ತಾರೆ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಹೃದಯಕ್ಕೆ ಕೊಟ್ಟದ್ದಾದರೆ ನೀವಾಗಿ ನಿಲ್ಲಿಸಬಾರದು. ಹೃದಯದ ಡಾಕ್ಟರು ಬರೆದುಕೊಟ್ಟ ಮೇಲೆ ಮಾತ್ರ.

ಅರಿಸಿನದ ಕ್ಯಾಪ್ಸೂಲಿನ ಬಗ್ಗೆ ಇನ್ನೊಂದು ಮಾತು. ಹೆಚ್ಚಿನವುಗಳಲ್ಲಿ ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ (ಅರಿಸಿನದ ಮುಖ್ಯ ಸಾರ) ಜತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಮೈಗೆ ಹತ್ತುವ ಪ್ರಮಾಣ 20 ಪಟ್ಟು ಏರಿತು ಅಂತ ತೋರಿಸಿದ್ದರು. ಅಲ್ಲಿಂದ ಎಲ್ಲ ಕಂಪೆನಿಗಳೂ ಅದನ್ನೇ ಹಿಡಿದುಕೊಂಡವು. ತೊಂದರೆ ಎಂತ ಅಂದರೆ ಪೈಪರಿನ್ ಅರಿಸಿನಕ್ಕೆ ಮಾತ್ರ ಬಾಗಿಲು ತೆರೆಯುವುದಲ್ಲ. ಫಿಟ್ಸಿನ ಫೆನಿಟಾಯಿನ್, ಬಿ.ಪಿ.ಯ ಪ್ರೊಪ್ರನಲಾಲ್ ಇಂಥವುಗಳ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಬೇರೆ ಮಾತ್ರೆ ತಿನ್ನುವವರು ಇದನ್ನು ಸುಮ್ಮನೆ ಶುರು ಮಾಡಬೇಡಿ.

ಅಡುಗೆ ಮತ್ತು ಆಹಾರ, ಮಣಿಪಾಲ

ವಿಟಮಿನ್ ಸಿ ಬಗ್ಗೆ ನಾನು ಬರೆಯುತ್ತೇನೆ. ಇದು ಬರೀ ಆ್ಯಂಟಿಆಕ್ಸಿಡೆಂಟ್ ಅಲ್ಲ. ಕೊಲಾಜನ್ನಿನ ಎಳೆಗಳನ್ನು ಹುರಿಗೊಳಿಸಿ ಕಟ್ಟುವ ಕಿಣ್ವಗಳಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಹೊಸ ಅಂಗಾಂಶ ಪಿಸಿಪಿಸಿ. ಆದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದ್ದು ಗಂಡಸರಿಗೆ ದಿನಕ್ಕೆ 80 ಮಿ.ಗ್ರಾಂ, ಹೆಂಗಸರಿಗೆ 65. ಗಾಯ ಇದ್ದಾಗ 200 ಮಿ.ಗ್ರಾಂ ಆಸುಪಾಸು ಸಿಕ್ಕಿದರೆ ಧಾರಾಳ. ಒಂದು ಮಧ್ಯಮ ಪೇರಳೆ ಹಣ್ಣಿನಲ್ಲೇ ಅದು ಉಂಟು. ನೆಲ್ಲಿಕಾಯಿ ಆದರೆ ಎರಡು.

2 ಗ್ರಾಂ ಎನ್ನುವುದು ವಯಸ್ಕರಿಗೆ ಹೇಳಿದ ಗರಿಷ್ಠ ಮಿತಿ, ಗುರಿ ಅಲ್ಲ. ಅಷ್ಟು ತಿಂದರೆ ಭೇದಿ, ಹೊಟ್ಟೆ ಹುಳಿ. ಗಂಡಸರಲ್ಲಿ ಕಿಡ್ನಿಯ ಆಕ್ಸಲೇಟ್ ಕಲ್ಲಿನ ಅಪಾಯವೂ ಏರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿ ಬೆವರಿ ಮೂತ್ರ ಗಟ್ಟಿಯಾಗಿ ಮೊದಲೇ ಕಲ್ಲಿನ ಕಾಟ ಇರುವವರು ಎಷ್ಟು ಮಂದಿ! ಹುಳಿ ಮೇಲೆ ಬಂದು ಸ್ವರತಂತುವಿನ ಹಿಂಭಾಗಕ್ಕೆ ತಾಗುವುದು ಇನ್ನೂ ಕೆಟ್ಟದ್ದು. ಚೀಪುವ 500 ಮಿ.ಗ್ರಾಂ ಮಾತ್ರೆ ಗಂಟಲಿಗೆ ತಂಪು ಅಂತ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ, ಅದು ಆಮ್ಲ. ನುಂಗುವ ಮಾತ್ರೆಯೇ ಆಗಬೇಕಿದ್ದರೆ ಊಟದ ನಂತರ.

ವಿಟಮಿನ್ ಎ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಸ್ವರತಂತುವಿನ ಎರಡೂ ತುದಿಯಲ್ಲಿ ಹಳದಿ ಚುಕ್ಕೆಗಳಿವೆ, ಅಲ್ಲಿ ನಕ್ಷತ್ರದ ಆಕಾರದ ಜೀವಕೋಶಗಳು ವಿಟಮಿನ್ ಎ ಕೂಡಿಟ್ಟುಕೊಂಡಿರುತ್ತವೆ. ಕೊಲಾಜನ್, ಎಲಾಸ್ಟಿನ್, ಹಯಲೂರಾನಿಕ್ ಆಮ್ಲ ತಯಾರಾಗುವ ಮುಖ್ಯ ಜಾಗ ಅದು. ಹಾಗಂತ ವಿಟಮಿನ್ ಎ ಕ್ಯಾಪ್ಸೂಲ್ ನುಂಗಬಾರದು, ಹೆಚ್ಚಾದರೆ ಯಕೃತ್ತಿಗೆ ವಿಷ, ಗರ್ಭಿಣಿಯರಿಗಂತೂ ಬೇಡವೇ ಬೇಡ. ನುಗ್ಗೆ ಸೊಪ್ಪಿನ ಪಲ್ಯ, ಬಸಳೆ ಗಸಿ, ಪಪ್ಪಾಯಿ ಹಣ್ಣು, ಚೀನಿಕಾಯಿ ಸಾಕು. ಪಲ್ಯಕ್ಕೆ ತೆಂಗಿನಕಾಯಿ ತುರಿ ಇರುತ್ತದಲ್ಲ, ಆ ಎಣ್ಣೆಯ ಅಂಶದಲ್ಲಿ ಕ್ಯಾರೊಟಿನ್ ಚೆನ್ನಾಗಿ ಮೈಗೆ ಹತ್ತುತ್ತದೆ.

ನಿಜವಾಗಿ ಕೊರತೆ ಆಗುವುದು ಪ್ರೊಟೀನಿನದ್ದು. ಗಂಟಲು ನೋವು ಅಂತ ಒಂದು ವಾರ ಬರೀ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ಕಳೆಯುತ್ತಾರೆ. ತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.5 ಗ್ರಾಂ ಬೇಕು, 60 ಕೆ.ಜಿ.ಯವರಿಗೆ 72ರಿಂದ 90 ಗ್ರಾಂ. ಅದರಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯುವ ಹಾಗಿಲ್ಲ, ಬಂಗುಡೆ, ಬೂತಾಯಿ ಸಿಕ್ಕಿದರೂ ದುಬಾರಿ. ಆಪರೇಷನ್ ಆಗುವುದೂ ಸರಿಯಾಗಿ ಆಗಲೇ. ಹಾಗಾಗಿ ಮೊದಲೇ ಯೋಚನೆ ಮಾಡಿ. ದಿನಕ್ಕೆ 2 ಮೊಟ್ಟೆ, ಎರಡು ಹೊತ್ತು ದಪ್ಪ ತೊವ್ವೆ, 2 ಕಪ್ ಮೊಸರು, ಹೆಸರುಕಾಳು ಗಸಿ. ಮೊಟ್ಟೆ ತಿನ್ನದವರು ಪನೀರು, ಸೋಯಾ ಸೇರಿಸಿ. ಗಂಜಿ ಬಿಡಬೇಕಂತ ಇಲ್ಲ, ಗಂಜಿಗೆ ಜತೆ ಬೇಕು ಅಂತ ಅಷ್ಟೆ. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಲೆಕ್ಕ ಹಿಡಿಯದೆ ಡಾಕ್ಟರನ್ನು ಕೇಳಿ.

ಎರಡು ವಾರ ಬೇಡದ್ದು: ಪುಳಿಮುಂಚಿ, ಒಣಮೀನು ಚಟ್ನಿ, ಮೆಣಸಿನ ಕಷಾಯ, ಗರಿಗರಿ ಕೋರಿ ರೊಟ್ಟಿ. ರೊಟ್ಟಿಯ ಹುಡಿ ಗಂಟಲಿಗೆ ಸಿಕ್ಕಿ ಒಂದು ಕೆಮ್ಮು ಬಂದರೆ ಗಾಯದ ಮೇಲೆ ಎರಡೂ ತಂತು ಬಡಿದುಕೊಳ್ಳುತ್ತವೆ. ಪುನರ್ಪುಳಿ ಒಳ್ಳೆಯ ಆ್ಯಂಟಿಆಕ್ಸಿಡೆಂಟ್ ನಿಜ, ಆದರೆ ಹುಳಿ. ಎದೆಯುರಿ ಇರುವವರಿಗೆ ಈಗ ಬೇಡ, ಬದಲಿಗೆ ತಿಮರೆ (ಒಂದೆಲಗ) ತಂಬುಳಿ ಮಾಡಿ, ಹಸಿಮೆಣಸು ಬಿಟ್ಟು.

ಸ್ವರ ಚಿಕಿತ್ಸೆ, ಕಂಕನಾಡಿ

ಇಷ್ಟು ಹೊತ್ತು ಮಾತ್ರೆ ಬಗ್ಗೆ ಮಾತಾಡಿದ್ದೀರಿ. ಗಾಯದ ಉರಿಯನ್ನು ನಿಜವಾಗಿ ಕಡಿಮೆ ಮಾಡುವುದು ಮೌನ, ಆಮೇಲೆ ಹದವಾದ ಬಳಕೆ.

ಎಷ್ಟು ದಿನ ಮೌನ ಎನ್ನುವುದಕ್ಕೆ ಜಪಾನಿನಲ್ಲೇ ಒಂದು ಪರೀಕ್ಷೆ 2017ರಲ್ಲಿ ಪ್ರಕಟವಾಗಿತ್ತು. 31 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ 3 ದಿನ, ಇನ್ನೊಂದಕ್ಕೆ 7 ದಿನ ಪೂರ್ತಿ ಮೌನ, ಆಮೇಲೆ ಇಬ್ಬರಿಗೂ ಸ್ವರ ಚಿಕಿತ್ಸೆ. 3 ದಿನದವರ ಸ್ವರತಂತುವಿನ ಅಲೆ ಹೆಚ್ಚು ಚೆನ್ನಾಗಿ ಮರಳಿತು. ಗಾಯದ ಒಳಗಿನ ಜೀವಕೋಶಗಳಿಗೆ ಸಣ್ಣ ಅಲುಗಾಟ ಸಿಕ್ಕಿದರೆ ನಾರುಗಳು ಸರಿಯಾದ ದಿಕ್ಕಿಗೆ ಜೋಡಣೆಯಾಗುತ್ತವೆ. ಮೂಳೆ ಮುರಿದವರನ್ನು ಬೇಗ ನಡೆಸುವ ಹಾಗೆ.

ಪಿಸುಮಾತು ಮೌನ ಅಲ್ಲ. 100 ಜನರನ್ನು ಕ್ಯಾಮೆರಾ ಹಾಕಿ ನೋಡಿದಾಗ 69 ಜನರಲ್ಲಿ ಪಿಸುಗುಟ್ಟುವಾಗ ಸ್ವರತಂತುವಿನ ಮೇಲಿನ ಭಾಗ ಇನ್ನೂ ಬಿಗಿಯಾಗಿತ್ತು. ಸ್ಲೇಟು, ಮೊಬೈಲು ಇಟ್ಟುಕೊಳ್ಳಿ. ಗಂಟಲು ಕೆರೆಯುವುದು, ಕೇಕರಿಸುವುದು ಪೂರ್ತಿ ಬಂದ್. ಕಫ ಸಿಕ್ಕಿದ ಹಾಗೆ ಆದರೆ ಒಂದು ಗುಟುಕು ನೀರು ಕುಡಿದು, ಗಲ್ಲ ತುಸು ತಗ್ಗಿಸಿ ನುಂಗಿ.

ಮೌನ ಮುಗಿದ ದಿನದಿಂದ ಸ್ಟ್ರಾ ಅಭ್ಯಾಸ. ಗ್ಲಾಸಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು. 5ರಿಂದ 6 ಮಿ.ಮೀ. ಬಾಯಿಯ ಸ್ಟ್ರಾ, ಎಳನೀರಿಗೆ ಕೊಡುವುದು ಆಗುತ್ತದೆ. ತುದಿ ನೀರಿನೊಳಗೆ 2 ಸೆಂ.ಮೀ. ಮಾತ್ರ. ತುಟಿ ಸುತ್ತ ಗಾಳಿ ಸೋರಬಾರದು. ಮೊದಲು ಸ್ವರ ಇಲ್ಲದೆ ಊದಿ, ಗುಳ್ಳೆ ಒಂದೇ ಸಮ ಏಳಬೇಕು. ಆಮೇಲೆ ಅದೇ ಊದುವಿಕೆಗೆ ಮೆಲ್ಲಗೆ 'ಊ' ಸೇರಿಸಿ, ಮಾತಾಡುವ ಸ್ಥಾಯಿಯಲ್ಲಿ. ನೀರಿನ ಒತ್ತಡ ಹಿಂದಕ್ಕೆ ತಳ್ಳಿ ಎರಡು ತಂತುಗಳನ್ನು ಕೂದಲೆಳೆಯಷ್ಟು ದೂರ ಇಡುತ್ತದೆ, ಬಡಿತ ಕಡಿಮೆ, ಅಲೆ ಮಾತ್ರ ಏಳುತ್ತದೆ. ತುಟಿ ಮತ್ತು ಮೂಗಿನ ಬುಡ ಜುಮ್ ಅನ್ನಬೇಕು. ಗುಳ್ಳೆ ತುಂಡು ತುಂಡಾದರೆ ಉಸಿರು ಸಮ ಇಲ್ಲ. ಗುಳ್ಳೆ ಬಂದು ಸ್ವರ ಮಾತ್ರ ಒಡೆದರೆ ತಂತು ಇನ್ನೂ ಊದಿಕೊಂಡಿದೆ, ಅವತ್ತಿಗೆ ನಿಲ್ಲಿಸಿ. ಕತ್ತಿನ ನರ ಎದ್ದು ಕಂಡರೆ ಸ್ಟ್ರಾ ಆಳಕ್ಕೆ ಹೋಗಿದೆ. ಒಂದು ಸಲಕ್ಕೆ 3 ನಿಮಿಷ, ದಿನಕ್ಕೆ 5ರಿಂದ 6 ಸಲ.

ಮಾತು ಮೊದಲ ವಾರ ಗಂಟೆಗೆ 5ರಿಂದ 10 ನಿಮಿಷ ಮೀರಬಾರದು. ಫೋನಿನಲ್ಲಿ ಬೇಡ, ಎದುರು ಕೂತವರ ಜತೆ ಮಾತ್ರ.

ಕಂಠದ ಡಾಕ್ಟರ್, ಮಂಗಳೂರು

ಮೇಡಂ ಹೇಳಿದ 3 ದಿನಕ್ಕೆ ನನ್ನದೊಂದು ತಿದ್ದುಪಡಿ. ಆ ಲೆಕ್ಕ ನಡೆಯುವುದು 4ನೇ ದಿನವೇ ಚಿಕಿತ್ಸಕರ ಎದುರು ಕೂರುವವರಿಗೆ. ಸುಳ್ಯದಿಂದಲೋ ಬೈಂದೂರಿನಿಂದಲೋ ಬಂದು ಆಪರೇಷನ್ ಮಾಡಿಸಿ ಊರಿಗೆ ಹೋದವರಿಗೆ '3 ದಿನ ಸಾಕು' ಅಂದರೆ 4ನೇ ದಿನ ತೋಟದ ಆಚೆ ತುದಿಗೆ ಕೂಗುತ್ತಾರೆ. ಅಂಥವರಿಗೆ 5ರಿಂದ 7 ದಿನವೇ ಹೇಳುತ್ತೇನೆ. ಎರಡೂ ತಂತುವಿಗೆ ಗಾಯ ಇದ್ದರೂ 7.

ಸ್ವರ ಚಿಕಿತ್ಸೆ, ಕಂಕನಾಡಿ

ಒಪ್ಪುತ್ತೇನೆ ಸರ್. ಆದರೆ 3 ವಾರ ಮೌನ ಹಿಡಿಯುವ ಹಳೇ ಪದ್ಧತಿಗೆ ಹೋಗಬೇಡಿ. ಮನೆಯವರ ಜತೆ ಜಗಳ, ಖಿನ್ನತೆ, ಕೊನೆಗೆ ಮಾತು ಶುರು ಮಾಡುವಾಗ ಕತ್ತಿನ ಸ್ನಾಯು ಎಲ್ಲ ಬಿಗಿ. ದೂರದವರಿಗೆ ವೀಡಿಯೊ ಕರೆಯಲ್ಲಿ ಸ್ಟ್ರಾ ಅಭ್ಯಾಸ ನೋಡಿ ತಿದ್ದಬಹುದು.

ಚೆಂಡೆ ಪೆಟ್ಟು, ಕಾರ್ಕಳ

ಎಲೆ ಅಡಿಕೆ? ಅದಿಲ್ಲದೆ ನಮ್ಮಲ್ಲಿ ತುಂಬ ಮಂದಿಗೆ ಆಗುವುದಿಲ್ಲ. ಮತ್ತೆ ಬೀಡಿ ಸೇದುವವರು ಹೊಗೆಯ ದೋಷಕ್ಕೆ ಆ್ಯಂಟಿಆಕ್ಸಿಡೆಂಟ್ ಹೆಚ್ಚು ತಿನ್ನಬೇಕು ಅಂತಾರೆ.

ಕಂಠದ ಡಾಕ್ಟರ್, ಮಂಗಳೂರು

ಬೀಡಿ ಸೇದುವವರಿಗೇ ಈ ಡಬ್ಬಿಗಳು ಹೆಚ್ಚು ಅಪಾಯ. ದಯವಿಟ್ಟು ಇದನ್ನು ಎಲ್ಲ ಗುಂಪುಗಳಿಗೂ ಕಳಿಸಿ. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಬೀಟಾ ಕ್ಯಾರೊಟಿನ್ ದಿನಕ್ಕೆ 20 ಮಿ.ಗ್ರಾಂ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ತಗ್ಗುತ್ತದೆ ಅಂತ ನಂಬಿಕೊಂಡು ಶುರು ಮಾಡಿದ್ದು. 1994ರಲ್ಲಿ ಫಲಿತಾಂಶ ಬಂದಾಗ ತಗ್ಗಲಿಲ್ಲ, ಶೇಕಡಾ 18ರಷ್ಟು ಏರಿತ್ತು. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಲ್ಲಿ ಮಾರುವ ಹಲವು ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲುಗಳಲ್ಲಿ ಬೀಟಾ ಕ್ಯಾರೊಟಿನ್ ಸೇರಿರುತ್ತದೆ. ಪಪ್ಪಾಯಿ, ಸೊಪ್ಪಿನಿಂದ ಬರುವುದಕ್ಕೆ ಈ ಭಯ ಇಲ್ಲ.

ಬೀಡಿ ಬಿಡುವುದಾದರೆ ಆಪರೇಷನ್ನಿಗೆ 4 ವಾರ ಮೊದಲು. ಸೇದುತ್ತಾ ಇದ್ದರೆ ರೈಂಕೆ ಪದರದ ಊತ ಮತ್ತೆ ಬರುತ್ತದೆ, ಆಪರೇಷನ್ ಮಾಡಿಸಿದ್ದು ನೀರಿನಲ್ಲಿ ಹೋಮ. ಅಡಿಕೆಯ ಅರೆಕೊಲಿನ್ ಬಾಯಿಯೊಳಗೆ ನಾರು ಕಟ್ಟಿಸುವ ವಸ್ತು ಅಂತ ಎಲ್ಲರಿಗೂ ಗೊತ್ತು. ಅಡಿಕೆ ಒಂದೇ ಆದರೂ ಕ್ಯಾನ್ಸರಿಗೆ ದಾರಿ, ಹೊಗೆಸೊಪ್ಪು ಸೇರಿದರೆ ಇನ್ನೂ ಹೆಚ್ಚು. ಅದಲ್ಲದೆ ಸುಣ್ಣದ ಉರಿ, ಹುಡಿ, ಕೆಮ್ಮು.

ಸ್ವರತಂತುವಿನ ಮೇಲಿನ ಬಿಳಿ ಮಚ್ಚೆ ತೆಗೆದಿದ್ದರೆ, ಕ್ಯಾನ್ಸರ್ ಉಂಟೋ ಅಂತ ನೋಡುವ ಬಯಾಪ್ಸಿ ವರದಿ ಕೈಗೆ ಬರುವವರೆಗೆ ಯಾವ ಪೂರಕವೂ ಬೇಡ. ಎಷ್ಟೋ ಜನ ಸ್ವರ ಸರಿಯಾಯಿತು ಅಂತ ವರದಿಯನ್ನೇ ತೆಗೆದುಕೊಂಡು ಹೋಗುವುದಿಲ್ಲ.

ಶಾಲೆ ಮೇಡಂ, ಕುಂದಾಪುರ

ಎನ್-ಅಸಿಟೈಲ್ ಸಿಸ್ಟೀನ್ 600, ನೀರಲ್ಲಿ ಕರಗುವ ಮಾತ್ರೆ, ಆಪರೇಷನ್ ನಂತರ ಬರೆದುಕೊಡುತ್ತಾರೆ. ಅದೂ ಆ್ಯಂಟಿಆಕ್ಸಿಡೆಂಟ್ ಅಂತ ಕೇಳಿದ್ದೇನೆ. ಮುಂದುವರಿಸಬಹುದಾ? ಮತ್ತೆ ಹಬೆ ತೆಗೆದುಕೊಳ್ಳುವುದಕ್ಕೆ ನೀಲಗಿರಿ ಎಣ್ಣೆ ಹಾಕಬಹುದಾ?

ಮದ್ದಿನಂಗಡಿ, ಬಂದರು

ಹೌದು ಮೇಡಂ, ಅದು ಮೈಯಲ್ಲಿ ಗ್ಲುಟಾಥಿಯೋನ್ ತಯಾರಿಗೆ ಕಚ್ಚಾವಸ್ತು. ಆದರೆ ಡಾಕ್ಟರು ಕೊಡುವುದು ಮುಖ್ಯವಾಗಿ ಕಫ ತೆಳ್ಳಗೆ ಮಾಡಲಿಕ್ಕೆ, ಕಫ ತೆಳ್ಳಗಾದರೆ ಕೇಕರಿಸುವುದು ತಪ್ಪುತ್ತದೆ. ಬರೆದಷ್ಟು ದಿನ ಮಾತ್ರ, ಪೂರ್ತಿ ಗ್ಲಾಸು ನೀರಿನಲ್ಲಿ, ನೊರೆ ನಿಂತ ಮೇಲೆ, ಊಟದ ನಂತರ. ಆಸ್ತಮಾ ಇದ್ದರೆ ಮೊದಲೇ ಹೇಳಿ. ಪ್ಯಾಂಟೊಪ್ರಜೋಲ್ ಕೊಟ್ಟಿದ್ದರೆ ಅದು ಬೆಳಗ್ಗಿನ ತಿಂಡಿಗೆ ಅರ್ಧ ಗಂಟೆ ಮೊದಲು. ತಿಂಡಿ ಆದ ಮೇಲೆ ನುಂಗಿದರೆ ಕೆಲಸ ಅರ್ಧಂಬರ್ಧ.

ಹಬೆಗೆ ನೀಲಗಿರಿ ಎಣ್ಣೆ, ನೋವಿನ ಮುಲಾಮು ಯಾವುದೂ ಬೇಡ. ಬರೀ ನೀರಿನ ಹಬೆ, 5 ನಿಮಿಷ, ಮುಖ ಸುಡದಷ್ಟು ದೂರ. ನೆಬ್ಯುಲೈಸರ್ ಮನೆಯಲ್ಲಿದ್ದರೆ 0.9 ಶೇಕಡಾದ ಸಲೈನ್ 3 ಮಿ.ಲೀ. ಇನ್ನೂ ಒಳ್ಳೆಯದು.

ಹಿಮ್ಮೇಳ ಬಳಗ, ಉಡುಪಿ

ಮಳೆಗಾಲದಲ್ಲಿ ಚಿಕ್ಕಮೇಳ ಉಂಟು, ತಾಳಮದ್ದಳೆ ಉಂಟು. ಜುಲೈನಲ್ಲಿ ಒಪ್ಪಿಕೊಳ್ಳಬಹುದಾ? ಏನಾದರೂ ತಪ್ಪುತ್ತಾ ಉಂಟು ಅಂತ ಹೇಗೆ ಗೊತ್ತಾಗುವುದು?

ಕಂಠದ ಡಾಕ್ಟರ್, ಮಂಗಳೂರು

ಆಪರೇಷನ್ ಜೂನ್ ಮೊದಲ ವಾರ ಆದರೆ ಜುಲೈ ಬೇಡ. ಹೊರಪೊರೆ ಕೂಡಿಕೊಳ್ಳುವುದು ಕೆಲವೇ ವಾರದಲ್ಲಿ, ಒಳಗಿನ ನಾರುಗಳು ಹದಕ್ಕೆ ಬರುವುದು ತಿಂಗಳುಗಳ ಕೆಲಸ. ಮನೆ ಮನೆ ತಿರುಗಿ ಸಂಜೆಗೆ ಹತ್ತಾರು ಕಡೆ ಪದ ಹೇಳುವ ಚಿಕ್ಕಮೇಳ ಈ ವರ್ಷ ಬಿಡಬೇಕು. 1 ತಿಂಗಳಿಗೆ, 3 ತಿಂಗಳಿಗೆ ಸ್ಟ್ರೋಬೋಸ್ಕೋಪಿ (ಮಿಣುಕು ಬೆಳಕಿನ ಪರೀಕ್ಷೆ) ಮಾಡಿಸಿ. ಸಾಮಾನ್ಯ ಎಂಡೊಸ್ಕೋಪಿಯಲ್ಲಿ ಬಿಳಿ ಅಂಚು ಚಂದ ಕಾಣಬಹುದು, ಅಲೆ ಉಂಟೋ ಇಲ್ಲವೋ ಅಂತ ಮಿಣುಕು ಬೆಳಕಿನಲ್ಲಿ ಮಾತ್ರ ತಿಳಿಯುವುದು.

ಮೊದಲ 2 ವಾರ ಸ್ವರ ಗೊಗ್ಗರು ಇರುವುದು ಸಹಜ. ಸುಧಾರಿಸುತ್ತಾ ಇದ್ದದ್ದು ಮತ್ತೆ ಕೆಟ್ಟರೆ ಗಾಯದಲ್ಲಿ ಮಾಂಸ ಬೆಳೆದಿರಬಹುದು, ಹೆಚ್ಚಾಗಿ ಹುಳಿ ಮೇಲೆ ಬರುವುದರಿಂದ. ತೋರಿಸಿ. ಉಸಿರಾಡುವಾಗ ಶಬ್ದ, ಎಂಜಲಿನಲ್ಲಿ ತಾಜಾ ರಕ್ತ, ಜ್ವರ ಬಂದರೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ. ನಾಲಿಗೆ ಜುಮ್ಮೆನ್ನುವುದು, ರುಚಿ ಹೋಗುವುದು ಲ್ಯಾರಿಂಗೊಸ್ಕೋಪ್ ಒತ್ತಿದ್ದರಿಂದ, ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹಿಡಿತಕ್ಕೆ ತಂದುಕೊಂಡೇ ಆಪರೇಷನ್ನಿಗೆ ಬನ್ನಿ. ಸಕ್ಕರೆ ಏರಿದ ರಕ್ತದಲ್ಲಿ ಆಕ್ಸಿಡೇಷನ್ನಿನ ಉರಿ ತಾನಾಗಿಯೇ ಹೆಚ್ಚು, ಅದನ್ನು ಇಳಿಸುವಷ್ಟು ಕೆಲಸ ಯಾವ ಕ್ಯಾಪ್ಸೂಲೂ ಮಾಡುವುದಿಲ್ಲ.

ಸ್ವರ ಚಿಕಿತ್ಸೆ, ಕಂಕನಾಡಿ

ಹಾಡು ಶುರು ಮಾಡುವ ಕ್ರಮ ಭಾಗವತರಿಗೆ ಹೀಗೆ. 5ನೇ ವಾರದವರೆಗೆ ಪದ ಬೇಡ, ಸ್ಟ್ರಾ ಮತ್ತು ಬಾಯಿ ಮುಚ್ಚಿ ಗುನುಗುವುದು ಮಾತ್ರ. 6ನೇ ವಾರದಿಂದ, ಡಾಕ್ಟರು ನೋಡಿ ಸರಿ ಅಂದ ಮೇಲೆ, ಮಧ್ಯ ಸ್ಥಾಯಿಯಲ್ಲಿ 10 ನಿಮಿಷ, ದಿನಕ್ಕೆ ಎರಡು ಸಲ. ಕಪ್ಪು 1ರಲ್ಲಿ ಹಾಡುವವರು ಶ್ರುತಿಪೆಟ್ಟಿಗೆಯನ್ನು ಕಪ್ಪು 5ಕ್ಕೆ ಇಳಿಸಿ. ತಾರ ಷಡ್ಜ 277ರಿಂದ 233ಕ್ಕೆ ಇಳಿಯುತ್ತದೆ, ಬಡಿತವೂ ಒತ್ತಡವೂ ಕಡಿಮೆ. ವಾರಕ್ಕೆ 5 ನಿಮಿಷದಂತೆ ಸಮಯ ಹೆಚ್ಚಿಸಿ, ಶ್ರುತಿ ಏರಿಸುವುದು 10ನೇ ವಾರದ ಮೇಲೆ, ಒಂದೊಂದೇ ಮನೆ: ಬಿಳಿ 7, ಬಿಳಿ 1, ಆಮೇಲೆ ಕಪ್ಪು 1. ಹಾಡಿದ ಮರುದಿನ ಬೆಳಗ್ಗೆ ಸ್ವರ ಹಿಂದಿನ ದಿನದಷ್ಟೇ ಹಗುರ ಇದ್ದರೆ ಮಾತ್ರ ಮುಂದಿನ ಮನೆ.

ಜತೆಗೆ ಮೊದಲು ಮದ್ದಳೆ ಮಾತ್ರ ಇರಲಿ, ಚೆಂಡೆ ಕೊನೆಗೆ. ಚೆಂಡೆ ಬಿದ್ದ ಕೂಡಲೇ ತನ್ನ ಸ್ವರ ತನಗೆ ಕೇಳದೆ ಭಾಗವತರು ಗೊತ್ತಿಲ್ಲದೆ ಎತ್ತರಿಸಿಬಿಡುತ್ತಾರೆ. ಅಭ್ಯಾಸದ ಕೋಣೆಯಲ್ಲೂ ಕಿವಿಯ ಹತ್ತಿರ ಸಣ್ಣ ಮಾನಿಟರ್ ಸ್ಪೀಕರ್ ಇಟ್ಟು, ತನ್ನ ಸ್ವರ ಚೆಂಡೆಗಿಂತ ಜೋರಾಗಿ ಕೇಳುವ ಹಾಗೆ ಮಾಡಿಕೊಂಡ ಮೇಲೆಯೇ ಚೆಂಡೆಯವರನ್ನು ಕರೆಯಿರಿ.